ಸುಣ್ಣದ ಗುರುತು ಇದ್ದ ಕಡೆ

ಮಿಸ್ತ್ರಿ ಕಾಕಾನ ಎಡ ಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧದ ಜಾಗದಲ್ಲಿ ಒಂದು ಬಿಳಿ ಗೆರೆ ಕಣ್ಣಿನ ಅಂಚಿನವರೆಗೆ ಇಳಿದಿತ್ತು. ಹಿಂದೆಂದೋ ಓಡುತ್ತಿದ್ದ ಇಂಜಿನ್ನಿನಿಂದ ಸಿಡಿದ ಚೂರು ಮಾಡಿದ ಗಾಯ. ನಾನು ಅದನ್ನೇ ನೋಡುವುದನ್ನು ಕಂಡು, "ಹೋದದ್ದೇನ್ ನೋಡ್ತಿ ಯವ್ವಾ, ಕಣ್ಣ ಉಳದದಲ್ಲ, ಅದ ನೋಡು," ಎಂದು ನಕ್ಕಿದ್ದರು. ನನಗೆ ನಗು ಬರಲಿಲ್ಲ.

ಶಹಾಪುರದಲ್ಲಿ ನಮ್ಮ ಮನೆಯೆದುರಿಗೇ ಅವರ ಅಂಗಡಿ. ಹೊಲಕ್ಕೆ ಔಷಧ ಹೊಡೆಯುವ ಪಂಪುಗಳ ರಿಪೇರಿ ಹೊಟ್ಟೆಪಾಡು. ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರುಗಳ, ನೈಟ್ರೋ ಎಂಬ ಇಂಧನದಲ್ಲಿ ಓಡುವ ಇಂಜಿನ್ನುಗಳೆಂದರೆ ಹುಚ್ಚು. ಕಡೇಚೂರಿನ ಕಾರ್ಖಾನೆಗಳಿಗೆ ಹೊರಗಿನಿಂದ ಬಂದ ಕೆಲವರು ಅಂಥ ಕಾರುಗಳನ್ನು ತರುತ್ತಿದ್ದರು. ನಿಂಬೆಹಣ್ಣಿಗಿಂತ ತುಸು ದೊಡ್ಡ ಇಂಜಿನ್. ಅದರ ಒಳದಾರಿಗಳನ್ನು ಉಜ್ಜಿ ಅಗಲ ಮಾಡಿ ವೇಗ ಹೆಚ್ಚಿಸುತ್ತಿದ್ದರು. ವೇಗ ಹೆಚ್ಚಿದಷ್ಟೂ ಇಂಜಿನ್ನಿನ ದಂಡದ ಮೇಲೆ ತಿರುಗುವ ಪುಟ್ಟ ಲೋಹದ ಚಕ್ರ ಸಮತೂಕದಲ್ಲಿರಬೇಕು. ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ, ಕೊನೆಗೆ ಸಿಡಿಯುತ್ತದೆ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದ ವರ್ಷ ನಾನು ದಿನವೂ ಅಲ್ಲಿಗೆ ಹೋಗುತ್ತಿದ್ದೆ. "ಬರ್ರಿ ಇಂಜಿನಿಯರ್ ಸಾಹೇಬ್ರ, ಇವತ್ತ ಬುಕ್ಕಿನಾಗ ಏನ್ ಅಡಗಿ?" ಎನ್ನುತ್ತಿದ್ದರು.

ಚಕ್ರವನ್ನು ಉಕ್ಕಿನ ಕಡ್ಡಿಗೆ ಪೋಣಿಸಿ, ಜೋಡಿ ಬ್ಲೇಡುಗಳ ಅಂಚಿನ ಮೇಲೆ ಇಡುತ್ತಿದ್ದರು. ಅದು ತಾನೇ ಉರುಳಿ, ಭಾರದ ಕಡೆ ಕೆಳಗಾಗಿ ನಿಲ್ಲುತ್ತಿತ್ತು. ಅಷ್ಟು ಹೊತ್ತು ಫ್ಯಾನ್ ಬಂದ್, ಮಾತೂ ಬಂದ್. ಉಸಿರು ತಾಗಬಾರದೆಂದು ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಸೀಮೆಸುಣ್ಣದ ಗುರುತು ಹಾಕಿದ ಚಕ್ರವನ್ನು ನನ್ನ ಕೈಗಿಟ್ಟು, "ಸಣ್ಣ ತೂತ ಹೊಡದಿಡು, ಚಾ ಕುಡದ ಬರ್ತೀನಿ," ಎಂದು ಹೋದರು. ಭಾರದ ಕಡೆಗೆ ಗುರುತು ಹಾಕಿ, ತೂಕ ಇಳಿಸಲು ಅಲ್ಲೇ ಕೊರೆಯಬೇಕೆಂದು ಓದಿದ್ದೆ. ಗುರುತಿದ್ದಲ್ಲೇ ಕೊರೆದೆ.

ಕಾಕಾ ಚಾ ಕುಡಿದು ಬಂದು ಕೇಳಿದರು, "ತಿರುಗಿ ಬ್ಲೇಡಿನ ಮ್ಯಾಲ ಇಟ್ಟ್ ನೋಡಿದೇನು?"

"ನೋಡೀನ್ರಿ," ಎಂದೆ. ನೋಡಿರಲಿಲ್ಲ.

ಅವರು ಚಕ್ರ ಜೋಡಿಸಿ, ಇಂಜಿನ್ ಹೊತ್ತಿಸುವ ಪ್ಲಗ್ ಕಾಯಿಸತೊಡಗಿದಾಗ ನನ್ನ ಕಣ್ಣು ಬ್ಲೇಡುಗಳ ಮೇಲಿದ್ದ ಇನ್ನೊಂದು ಚಕ್ರದ ಮೇಲೆ ಬಿತ್ತು. ಅದು ಅಲುಗದೆ ನಿಂತಿತ್ತು. ಸುಣ್ಣದ ಗುರುತು ಮೇಲ್ಗಡೆ ಇತ್ತು. ಎಂದರೆ, ಅವರು ಗುರುತು ಹಾಕುತ್ತಿದ್ದುದು ಹಗುರಾದ ಕಡೆಗೆ. ಹಗುರಾದದ್ದನ್ನೇ ನಾನು ಇನ್ನಷ್ಟು ಕೊರೆದಿದ್ದೆ.

ಹೇಳಬೇಕೆನ್ನುವಷ್ಟರಲ್ಲಿ ಇಂಜಿನ್ ಚಾಲೂ ಮಾಡುವ ಹಗ್ಗ ಎಳೆದರು. ಇಂಜಿನ್ ಕಿರುಚಿತು. ಎಂದಿನಂತೆ ಕಿವಿಗೊಟ್ಟು ಬಾಗಿದರು. ಮೇಜಿನ ಮೇಲಿನ ನಟ್ಟುಗಳು ತಾವಾಗಿಯೇ ಸರಿಯತೊಡಗಿದವು. "ಕಾಕಾ" ಎಂದೆ, ನನ್ನ ದನಿ ನನಗೇ ಕೇಳಲಿಲ್ಲ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಮರುಗಳಿಗೆಯಲ್ಲೇ ಹೊಗೆಕೊಳವೆಯ ಬಾಯಿಗೆ ಅರಿವೆ ತುರುಕಿದರು. ಇಂಜಿನ್ ಉಸಿರುಕಟ್ಟಿ ನಿಂತಿತು.

ನಿಂತ ಚಕ್ರವನ್ನು ಬಿಚ್ಚಿ ತೂತನ್ನು ಬಹಳ ಹೊತ್ತು ನೋಡಿದರು. ಬೀಡಿ ಹಚ್ಚಲು ಮೂರು ಕಡ್ಡಿ ಗೀರಬೇಕಾಯಿತು.

"ಗುರುತ ನಂದು. ಮ್ಯಾಲಿನ ಕಡಿ ಕಣ್ಣಿಗಿ ಕಾಣ್ತದಂತ ಅಲ್ಲೇ ಹಾಕ್ತೀನಿ. ನಿನಗ ಹೇಳಿದ್ದಿಲ್ಲ, ಅದು ನನ್ನ ತಪ್ಪು," ಎಂದರು. ಆಮೇಲೆ ಮೆಲ್ಲಗೆ, "ನೋಡೀನಿ ಅಂದಿ ನೋಡು, ಅದೊಂದ ನಿಂದು."

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ನಾನೀಗ ಯಂತ್ರಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನೋಡಿದ್ದೇನೆಂದು ಸಹಿ ಹಾಕುವ ಮೊದಲು ಇವತ್ತಿಗೂ ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುತ್ತೇನೆ. ಕಾಕಾ ಹೋದ ಸುದ್ದಿ ತಿಳಿದು ಊರಿಗೆ ಹೋದಾಗ ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದು ಅತ್ತರು. "ಆ ಹುಡುಗಿ ನೋಡೀನಿ ಅಂದ್ರ ಮುಗೀತು, ತಿರುಗಿ ನೋಡೂದ ಬ್ಯಾಡ ಅಂತಿದ್ರವ್ವಾ," ಎಂದರು.

ನಾನು ತಲೆಯೆತ್ತಲಿಲ್ಲ. ಅಂದು ಕಾಕಾ ನೋಡಿದಂತೆ ಕಾಕು ನನ್ನ ಮುಖ ನೋಡಿಬಿಟ್ಟಾರೆಂಬ ಹೆದರಿಕೆ.