ಕೋಟಿನ ಕ್ಲಾಸೆಟ್ಟಿನ ಖಾಲಿ ಮಣೆ

ಸಿಯಾಟಲ್ ಹತ್ತಿರದ ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಳೆಕೋಟು ತೊಟ್ಟರೆ ಮೈಯೆಲ್ಲ ಕರ್ಪೂರದ ವಾಸನೆ. ಆಫೀಸಿನ ಲಿಫ್ಟಿನಲ್ಲಿ ಜನ ಮೂಗರಳಿಸುತ್ತಾರೆ, ನಾನು ಏನೂ ಅರಿಯದವಳಂತೆ ಫೋನ್ ನೋಡುತ್ತೇನೆ. ಈ ವಾಸನೆ ನಮಗಿಂತ ಮೊದಲು ಈ ಮನೆಯಲ್ಲಿದ್ದ ಶಾಂತಾ ಅವರದು. ಆಗ ನಾವು ಕೆಳಗಿನ ಮನೆಯಲ್ಲಿದ್ದೆವು.

ಅವರು ದೇವರನ್ನಿಟ್ಟಿದ್ದು ಬಾಗಿಲ ಪಕ್ಕದ ಕ್ಲಾಸೆಟ್ಟಿನಲ್ಲಿ. ನಾವೆಲ್ಲ ಕೋಟು, ಶೂ ತುರುಕುವ ಜಾಗವದು. ವಾಸ್ತು ಬಲ್ಲ ಗೆಳತಿಯರು ಲೊಚಗುಟ್ಟಿದರು. ನಾನು ಸುಮ್ಮನಿರಬೇಕಲ್ಲ, “ನಿಮ್ಮ ದೇವ್ರಿಗೆ ಗಾಳಿ ಬೆಳಕು ಬೇಡ್ವಾ?” ಎಂದು ಛೇಡಿಸಿದೆ.

“ಬೇಡ ಕಣ್ರೀ. ಕಿಟಕಿ ಇರ್ಬಾರ್ದು, ಅಷ್ಟೇ,” ಎಂದರು. ಒಳಗೆ ಎರಡು ಮಣೆ. ಒಂದರ ಮೇಲೆ ದೇವರು, ಇನ್ನೊಂದು ಖಾಲಿ. ಯಾರಿಗೆ ಎಂದೆ. “ನಮ್ಮತ್ತೆಗೆ.”

ಅವರ ಅತ್ತೆ ಬದುಕಿಲ್ಲವೆಂದು ನನಗೆ ಗೊತ್ತಿತ್ತು. ಕಾಫಿ ಸೋಸುತ್ತಲೇ ಶಾಂತಾ ಉಳಿದದ್ದನ್ನು ಹೇಳಿದರು. ಗಂಡನಿಗೆ ಇಲ್ಲಿ ವಿಮಾನದ ಕೆಲಸ ಸಿಗುವ ಮೊದಲು ಅವರಿದ್ದದ್ದು ಅಲಬಾಮಾದಲ್ಲಿ. ಹಗಲಿಡೀ ಒಂದರ ಹಿಂದೊಂದು ಸುಂಟರಗಾಳಿ ಎದ್ದ ದಿನ. ಸೈರನ್ ಕೂಗಿದರೆ ಕಿಟಕಿಯಿಲ್ಲದ ಕಡೆ ಅವಿತುಕೊಳ್ಳಬೇಕು; ಅಂಥ ಜಾಗ ಅಂತ ಆ ಮನೆಯಲ್ಲಿದ್ದದ್ದು ಬಾತ್‌ರೂಮ್ ಒಂದೇ. ಶಾಂತಾ ಮಗುವನ್ನು ಟಬ್ಬಿನಲ್ಲಿಟ್ಟು, ಮೇಲೆ ಹಾಸಿಗೆ ಎಳೆದುಕೊಂಡು, ಅತ್ತೆಯನ್ನು ಕೂಗಿದರು. ಅತ್ತೆ ಆಗತಾನೇ ಮಿಂದು ಪೂಜೆಗೆ ಕೂತಿದ್ದರು.

“ನೀನು ಮಗೂನ ನೋಡ್ಕೋ. ಮಡಿ ಉಟ್ಕೊಂಡು ಕಕ್ಕಸ್ಸಲ್ಲಿ ಹೆಂಗೆ ಕೂತ್ಕೊಳ್ಳೋದು? ದಿನಾ ಕೂಗತ್ತೆ ಅದು.”

ಸೈರನ್ ಪದೇಪದೇ ಕೂಗುತ್ತಿದ್ದದ್ದೂ ನಿಜ. ಸದ್ದು ನಿಂತ ಮೇಲೆ ಆ ಮನೆಯಲ್ಲಿ ಬಾತ್‌ರೂಮು ಮಾತ್ರ ಉಳಿದಿತ್ತು.

“ಆ ಮನೇಲೂ ಇಂಥ ಕ್ಲಾಸೆಟ್ ಇದ್ದು, ದೇವ್ರನ್ನ ಅದ್ರಲ್ಲೇ ಇಟ್ಟಿದ್ರೆ ಅವ್ರೂ ಒಳಗೇ ಇರ್ತಿದ್ರು,” ಎಂದು ಶಾಂತಾ ಸಕ್ಕರೆ ಹಾಕಿದರು. ಸಿಯಾಟಲ್ ಕಡೆ ಅಂಥ ಗಾಳಿ ಬರುವುದೇ ಅಪರೂಪ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದರ ಬದಲು ಕಾಫಿಗೆ ಕೈಚಾಚಿದೆ. ಛೇಡಿಸಿದ್ದಕ್ಕೆ ನನಗೆ ತುಂಬಾ ನಾಚಿಕೆಯಾಗಿತ್ತು.

ಮನೆ ಬಿಡುವಾಗ ಅವರು ದೇವರ ಮಣೆ ಒಯ್ದರು. ಖಾಲಿಯದನ್ನು, “ನಿಮ್ಮನೇಗೂ ದೊಡ್ಡೋರು ಬರ್ತಾರಲ್ಲ, ಇರ್ಲಿ,” ಎಂದು ಬಿಟ್ಟುಹೋದರು. ಇಷ್ಟು ವರ್ಷ ಅದರ ಮೇಲೆ ನಮ್ಮ ವ್ಯಾಕ್ಯೂಮ್ ಕ್ಲೀನರ್ ವಿರಾಜಮಾನವಾಗಿತ್ತು.

ಮುಂದಿನ ವಾರ ನನ್ನಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾಳೆ. ಸ್ನಾನವಾದ ಮೇಲೆ ಮೊಮ್ಮಗಳಿಗೂ ಮುಟ್ಟಗೊಡದವಳು. ಇವತ್ತು ನಾನು ಕೋಟು ಬಿಚ್ಚಿದವಳು ಅದನ್ನು ಕ್ಲಾಸೆಟ್ಟಿಗೆ ಹಾಕಲಿಲ್ಲ. ಶೂಗಳನ್ನೆಲ್ಲ ಹೊರಗಿಟ್ಟು ನೆಲ ಒರೆಸಿದೆ. ಅಡುಗೆಮನೆಯ ಕಿಟಕಿಯ ಹತ್ತಿರವಿದ್ದ ದೇವರನ್ನು ತಂದು ಒಳಗಿಟ್ಟು, ಎದುರಿಗೆ ಮಣೆ ಹಾಕಿದೆ.

ಮಗಳು ಇಣುಕಿದಳು. “ಅಮ್ಮಾ, ಹೂ ಈಸ್ ದಟ್ ಫಾರ್?”

“ಅಜ್ಜಿಗೆ,” ಎಂದೆ. “ಗಾಳಿ ಬಂದ್ರೆ ಕೂತ್ಕೊಳ್ಳೋಕೆ.”