ಕನ್ನಡಿ ಇಲ್ಲದ ಗಾಡಿ

ನಮ್ಮವರು ಲಾರಿ ಬಿಟ್ಟು ಎರಡು ವರ್ಷವಾಯಿತು. ಬೆನ್ನಿನ ಆಪರೇಷನ್ ಮುಗಿದ ಮೇಲೆ ಡಾಕ್ಟರು, ಇನ್ನು ಮುಂದೆ ಸ್ಟೇರಿಂಗ್ ಮುಟ್ಟಬಾರದು ಎಂದುಬಿಟ್ಟರು. ಬಸವಣ್ಣ ಜೀವ ಉಳಿಸಿದ, ಕಾಲು ಆಡುತ್ತವೆ, ತಾವೇ ಎದ್ದು ಸ್ನಾನ ಮಾಡಿ ಲಿಂಗಪೂಜೆಗೆ ಕೂಡುತ್ತಾರೆ. ನನಗೆ ಅಷ್ಟು ಸಾಕಿತ್ತು, ಅವರಿಗೆ ಸಾಲಲಿಲ್ಲ. ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಹೋಗುವ ಕಬ್ಬಿನ ಗಾಡಿಗಳಲ್ಲೆಲ್ಲ ತಪ್ಪು ಹುಡುಕುತ್ತಿದ್ದರು. “ಗೇರ್ ಹೆಂಗ್ ಹಾಕ್ತಾನ ನೋಡು, ಜ್ವಾಳದ ಚೀಲ ಎಳದಂಗ!”

ನೋಡಲಾರದೆ ಮಗಳು ತನ್ನ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಹಾಕಿಕೊಟ್ಟಳು. ಮೊದಲ ದಿನ ಚಹಾ ಆರಿದ್ದೂ ಅವರಿಗೆ ತಿಳಿಯಲಿಲ್ಲ. ಆದರೆ ನಾಲ್ಕು ವಾಹನ ಎದುರಿಗೆ ಬಂದರೆ ಸಾಕು, ಚಿತ್ರ ಗಕ್ಕನೆ ನಿಂತು, ಮತ್ತೆ ಜಿಗಿದಾಗ ಲಾರಿ ರಸ್ತೆ ಪಕ್ಕದ ತಗ್ಗಿನಲ್ಲಿರುತ್ತಿತ್ತು.

“ಡೀಸೆಲ್‌ನಾಗ ನೀರು ಸೇರ್‍ಯಾವು,” ಎಂದರು.

“ನೀರಲ್ಲಪ್ಪಾ, ಇದಕ್ಕ ಗ್ರಾಫಿಕ್ಸ್ ಕಾರ್ಡ್ ಬೇಕು. ಚಿತ್ರ ತಗ್ಯೂ ಕೆಲಸಾನ ಅದು ಮಾಡ್ತೈತಿ,” ಎಂದಳು ಮಗಳು.

ಕಾರ್ಡ್ ಎಂದರೆ ರೇಷನ್ ಕಾರ್ಡಿನಂಥದ್ದು ಎಂದುಕೊಂಡು ನಾನು ಸಣ್ಣ ಪರ್ಸು ಹಿಡಿದು ಅಪ್ಪ-ಮಗಳ ಜೊತೆ ಹೊರಟೆ. ಗೋಕಾಕದ ಅಂಗಡಿಯಲ್ಲಿ ನೋಡಿದರೆ ಅದು ಇಟ್ಟಿಗೆಯಷ್ಟು ದಪ್ಪ, ಮೇಲೆ ಎರಡು ಫ್ಯಾನು!

ಅಂಗಡಿಯವರು ಆಗಷ್ಟೇ ಶುಕ್ರವಾರದ ನಮಾಜು ಮುಗಿಸಿ ಬಂದಿದ್ದರು. ಎಲ್ಲಕ್ಕಿಂತ ಅಗ್ಗದ ಕಾರ್ಡನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ನಮ್ಮವರ ಆಟ ಹಚ್ಚಿ ತೋರಿಸಿದರು. “ಓಡ್ತೈತ್ರಿ ಕಾಕಾ. ಬಾಜೂದ ಕನ್ನಡಿ ಅಷ್ಟ ಬಂದ್ ಮಾಡ್ಬೇಕು. ಅದರಿಂದ ಕಾರ್ಡಿಗೆ ಭಾಳ ಲೋಡ್ ಬೀಳ್ತೈತಿ.” ಲಾರಿಯ ಎರಡೂ ಕನ್ನಡಿ ಕಪ್ಪಾದವು. ನಮ್ಮವರ ಕೈಯಲ್ಲಿ ಲಾರಿ ನಿಜಕ್ಕೂ ಎಲ್ಲಿಯೂ ತಡೆಯದೆ ಓಡಿತು.

ನಮ್ಮವರು ಬಟನ್ ಮೇಲಿನ ಕೈ ತೆಗೆದರು. “ಹಿಂದ ಯಾರ ಬಂದ್ರು ಅಂತ ಹೆಂಗ ತಿಳೀಬೇಕು?”

“ಆಟ ಐತ್ರಿ ಕಾಕಾ, ಯಾರೂ ಸಾಯಂಗಿಲ್ಲ.”

“ಸಾಯಲಿ, ಬಿಡಲಿ. ಕನ್ನಡಿ ಇಲ್ಲದ ಗಾಡಿ ನಾ ಹೊಡ್ಯಾಂಗಿಲ್ಲ. ಏಳ ನಡಿ, ಹೋಗೂನು.”

ಆ ದನಿ ನನಗೆ ಗೊತ್ತು. ಈಗ ಹೊರಟರೆ ಮತ್ತೆ ಆ ಕಟ್ಟೆಯೇ ಗತಿ, ಆಟದ ಮಾತು ಇನ್ನೊಮ್ಮೆ ಎತ್ತುವುದಿಲ್ಲ. “ನಿಮ್ಮ ಬೆನ್ನು ನೋಯ್ತೈತಿ, ಒಂದೀಟು ಕುಂದರ್ರಿ,” ಎಂದೆ. ಬೆನ್ನಿನ ಹೆಸರು ಹೇಳಿದರೆ ಮಾತು ಕೇಳುತ್ತಾರೆ.

ಅಂಗಡಿಯವರು ದೊಡ್ಡದೊಂದನ್ನು ತೆಗೆದರು. ಅದರಲ್ಲಿ ಚಿತ್ರ ಸಿನೆಮಾದ ಹಾಗೆ ಬರುತ್ತದಂತೆ, ಆದರೆ ನಮ್ಮ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ ಅದನ್ನು ತಾಳುವುದಿಲ್ಲ, ಅದನ್ನೂ ಬದಲಿಸಬೇಕು.

“ಸಣ್ಣ ಚಾಸಿಗೆ ದೊಡ್ಡ ಇಂಜಿನ್ನು. ಬ್ಯಾಡ,” ಎಂದರು ನಮ್ಮವರು.

ಆಮೇಲೆ ಯಾರೋ ಬಳಸಿ ಮಾರಿದ್ದೊಂದು ಬಂತು. ನಮ್ಮವರು ಅದರ ಫ್ಯಾನನ್ನು ಬೆರಳಿನಿಂದ ತಿರುಗಿಸಿ, ಕಿವಿ ಹಚ್ಚಿ ಕೇಳಿದರು. “ಎಷ್ಟು ಓಡೈತಿ ಇದು?”

“ಖರೆ ಹೇಳ್ಬೇಕಂದ್ರ ನನಗೂ ಗೊತ್ತಿಲ್ರಿ.”

“ಪುಣ್ಯಾತ್ಮ ಅದಿ ಬಿಡು. ಹಳೇ ಗಾಡಿ ಮಾರೋರು ಯಾರೂ ಹಂಗ ಅಂದಿಲ್ಲ ನನಗ.”

ಮಗಳು ನಕ್ಕಳು. ಕಡೆಗೆ ಉಳಿದದ್ದು ನಡುವಿನದು. ಹೊಸದು, ಗ್ಯಾರಂಟಿ ಇದ್ದದ್ದು, ನಮ್ಮ ಡಬ್ಬಿ ತಾಳುವಂಥದ್ದು. ಜೋಡಿಸಿದಾಗ ಎರಡೂ ಕನ್ನಡಿಗಳಲ್ಲಿ ಹಿಂದಿನ ರಸ್ತೆ ಕಾಣಿಸಿತು. ಇವರು ಅದನ್ನೇ ನೋಡುತ್ತ ಕೂತರು. ಬೆಲೆ ಕೇಳಿದ ಮೇಲೆ ಮಾತ್ರ ಮುಖ ತಿರುಗಿಸಿ, “ಮನಿಗೆ ಬಣ್ಣ ಹಚ್ಚೂದೈತಿ,” ಎಂದರು.

“ಗ್ವಾಡಿ ಏನು ಅಳಾಕತ್ತಾವೇನ್ರಿ? ಇನ್ನೊಂದು ವರ್ಷ ಹಂಗ ಇರ್ತಾವು,” ಎಂದು ನಾನು ಅಂಗಡಿಯವರ ಕಡೆ ತಿರುಗಿದೆ. “ಇದನ್ನ ಕಟ್ಟರಿ.”

“ಗಾಡಿ ಕಾಕಾಂದು, ಸ್ಟೇರಿಂಗ್ ಕಾಕೂಂದು!” ಎಂದು ಅವರು ಬೆಲೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟೇ ಬಿಲ್ ಮಾಡಿದರು. ದೇವರು ಅವರನ್ನು ಚೆನ್ನಾಗಿ ಇಡಲಿ.

ಮನೆಯಲ್ಲಿ ಮಗಳು ಕಾರ್ಡ್ ಕೂಡಿಸುವಾಗ ನಾನು ವಿಭೂತಿ ತಂದೆ. “ಅವ್ವಾ, ಫ್ಯಾನ್‌ಗೆ ಹಚ್ಚಬ್ಯಾಡ!” ಎಂದು ಕೂಗಿದಳು. ಖಾಲಿ ಪೆಟ್ಟಿಗೆಗೆ ಹಚ್ಚಿ ಕೈಮುಗಿದೆ. ಶಿವನಿಗೆ ತಿಳಿಯುತ್ತದೆ.

ಲಾರಿ ಹೊರಟಿತು. ಪರದೇಶದ ರಸ್ತೆ, ಒಂದೂ ತಗ್ಗಿಲ್ಲ. “ಹುಕ್ಕೇರಿ ರೋಡ್ ಹೊಡದವ್ಗ ಇಲ್ಲಿ ನಿದ್ದಿ ಬರ್ತೈತಿ,” ಎಂದು ಗೊಣಗಿದರು. ಅಷ್ಟರಲ್ಲಿ ಕನ್ನಡಿಯಲ್ಲಿ ಒಂದು ಕೆಂಪು ಕಾರು ಕಂಡಿತು. ಇವರು ಲಾರಿಯನ್ನು ಬದಿಗೆ ಸರಿಸಿ, ಒಂದು ಕೈಯನ್ನು ಕುರ್ಚಿಯಾಚೆ ಚಾಚಿ ಬೀಸಿದರು. “ಹೋಗಪಾ, ನೀ ಮುಂದ ಹೋಗು.” ಕಾರು ದಾಟಿ ಹೋಯಿತು.

ಇಷ್ಟು ವರ್ಷ ಇವರು ಹೋಗುವುದನ್ನು ನೋಡಿದ್ದೆ, ಬರುವುದನ್ನು ನೋಡಿದ್ದೆ. ಗಾಡಿ ಹೊಡೆಯುವುದನ್ನು ಮಾತ್ರ ಒಮ್ಮೆಯೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ. ಇಷ್ಟು ಸಮಾಧಾನದಿಂದ ಹೊಡೆಯುತ್ತಾರೆಂದು ನನಗೇನು ಗೊತ್ತು?

“ಯಾಕ ನಿಂತಿ? ಕುಂದರ ಬಾ, ಕ್ಲೀನರ್ ಸೀಟ್ ಖಾಲಿ ಐತಿ,” ಎಂದರು, ಕಣ್ಣು ರಸ್ತೆಯ ಮೇಲೆಯೇ ಇಟ್ಟು.

ಬಿಡಿಸಲೆಂದು ತಂದಿದ್ದ ಮೆಂತೆ ಸೊಪ್ಪಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೆ.