ತೋಟಾ ಕೊಡುವ ಆರ್ವಿಡ್

ನಮ್ಮ ಮಿಶಿಗನ್ ಹಳ್ಳಿಯಲ್ಲಿ ಜಿಂಕೆ ಬೇಟೆಗೆ ರೈಫಲ್ ತೋಟಾ ಬೇಕಾದರೆ ಆರ್ವಿಡ್ ನಿಯೆಮಿಯ ಅಂಗಡಿಗೇ ಹೋಗಬೇಕು. ಆದರೆ ಕೇಳಿದ ತೋಟಾ ಯಾರಿಗೂ ಸಿಕ್ಕಿದ್ದಿಲ್ಲ. ದೊಡ್ಡದು ಕೇಳಿದರೆ ಕನ್ನಡಕ ಹಣೆಗೇರಿಸಿ, "ಏನಪ್ಪಾ, ಜಿಂಕೆ ಹೊಡೀತೀಯೋ, ರೈಲು ನಿಲ್ಲಿಸ್ತೀಯೋ?" ಅನ್ನುತ್ತಾನೆ. ಪಾದ್ರಿಯನ್ನೂ ಬಿಟ್ಟವನಲ್ಲ: "ನಿಜ ಹೇಳಿ ಪಾದ್ರಿಗಳೇ, ಗುಂಡು ಹಾರುವಾಗ ಕಣ್ಣು ಮುಚ್ತೀರಾ?" ಮುಚ್ಚುತ್ತೇನೆಂದು ಒಪ್ಪಿಕೊಂಡವರಿಗೆ ಹಾರಿಸಿದಾಗ ಕೋವಿ ಭುಜಕ್ಕೆ ಒದೆಯದಂಥ ಸಣ್ಣ ತೋಟಾ, ಇಲ್ಲವೆಂದವರಿಗೂ ಅದೇ. ಬೇಟೆ ಶುರುವಾದ ದಿನ ಅವನೂ ಬೇಟೆಗಾರರ ಕಿತ್ತಳೆ ಬಣ್ಣದ ಕೋಟು ತೊಟ್ಟು ಕಾಡಿಗೆ ಬರುತ್ತಾನೆ, ಕೋವಿಯಿಲ್ಲದೆ. ಹರೆಯದಲ್ಲಿ ದೊಡ್ಡ ತೋಟಾದ ಒದೆತಕ್ಕೆ ಹೆದರಿ, ಕಣ್ಣು ಮುಚ್ಚಿ ಅವನು ಹೊಡೆದ ಜಿಂಕೆ ಹಿಮದ ಮೇಲೆ ರಕ್ತ ಚೆಲ್ಲುತ್ತ ಹೋದದ್ದು ಸಿಗಲೇ ಇಲ್ಲವಂತೆ. ಈಗ ಯಾರ ಜಿಂಕೆ ಗಾಯಗೊಂಡು ಓಡಿದರೂ ಜಾಡು ಹಿಡಿದು ಹುಡುಕಿಕೊಡುವವನು ಅವನೇ. ಸಿಕ್ಕಿದ್ದರ ಪಕ್ಕ ಕೂತು, ತೆರೆದೇ ಇರುವ ಅದರ ಕಣ್ಣನ್ನು ರೆಪ್ಪೆ ಬಡಿಯದೆ ನೋಡುತ್ತಾನೆ.